ಅತ್ತೆ ಟವೆಲ್ ಕೆಳಗೆ ಕೈ ಇಟ್ಟ ಸಂತೆ

ತಾವರಗೇರಾದ ಕುರಿ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಗೆ ಹೊದಿಸುತ್ತಾನೆ, ಮಾರುವವನು ಅದರ ಕೆಳಗೆ ಕೈ ತೂರಿಸುತ್ತಾನೆ. ಆಮೇಲೆ ಬೆರಳಿಗೆ ಬೆರಳು ಮಾತಾಡುತ್ತದೆ. ಹಿಡಿದ ಬೆರಳು ಎಷ್ಟೋ ಅಷ್ಟು ಸಾವಿರ, ಎರಡನೆಯ ಸಲ ಒತ್ತಿದ್ದು ನೂರು. ಪಕ್ಕದಲ್ಲಿ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಹಣ ಫೋನಿನಿಂದಲೇ ಹೋಗುತ್ತದೆ, ದರ ಮಾತ್ರ ಇನ್ನೂ ಟವೆಲ್ ಕೆಳಗೇ ಇದೆ. ಇದರಲ್ಲಿ ಬುದ್ಧಿವಂತಿಕೆಯೂ ಇದೆ. ಯಾರೋ ಅವಸರಕ್ಕೆ ಸಿಕ್ಕು ಅಗ್ಗಕ್ಕೆ ಮಾರಿದರೆ ಆ ದರ ಪಕ್ಕದವರ ಟಗರಿಗೆ ಅಂಟಿಕೊಳ್ಳಬಾರದು.

ಈ ಸಂತೆಗೆ ಬರೆದಿಟ್ಟ ಕಾಯ್ದೆ ಇಲ್ಲ. ಕಾಯ್ದೆ ಮುರಿದವರಿಗೆ ಶಿಕ್ಷೆ ಮಾತ್ರ ತಪ್ಪದೆ ಸಿಗುತ್ತದೆ. ಒಮ್ಮೆ ಒಬ್ಬಾತ ಸಿಟ್ಟಿಗೆದ್ದು ತನಗೆ ಬಂದ ದರವನ್ನು ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟ. ಯಾರೂ ಅವನನ್ನು ಬೈಯಲಿಲ್ಲ. ಅವತ್ತು ಚಹಾದ ಅಂಗಡಿಯಲ್ಲಿ ಅವನ ಕಪ್ಪು ಎಲ್ಲರದೂ ಆದ ಮೇಲೆ ಬಂತು, ಅದೂ ಆರಿದ್ದು. ಮುಂದಿನ ಸಂತೆಗೆ ಅವನ ಹೆಸರು ‘ಮೈಕ್ ಸೆಟ್’ ಆಗಿತ್ತು. ಅದರ ಮುಂದಿನ ಸಂತೆಯಲ್ಲಿ ಅವನೇ ಎಲ್ಲರಿಗೂ ಚಹಾ ಕುಡಿಸಿದ, ಅವನ ಕಪ್ಪು ಮತ್ತೆ ಬಿಸಿಯಾಗಿ ಬರತೊಡಗಿತು. ಹೆಸರು ಮಾತ್ರ ಹೋಗಲಿಲ್ಲ. ನಾಲ್ಕು ಜನರ ನಡುವೆ ವ್ಯಾಪಾರ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಯಾವುದಕ್ಕೆ ಅಲ್ಲಿ ನಗುತ್ತಾರೆ ನೋಡಿಕೊಳ್ಳಿ. ಆ ಊರಿನ ಕಾಯ್ದೆ ಅಲ್ಲಿರುತ್ತದೆ.

ನನಗೆ ಇದು ತಿಳಿದದ್ದು ನಮ್ಮ ಮನೆಯವರ ಕಾಲು ಮುರಿದ ವರ್ಷ. ಭತ್ತದ ಕೊಯ್ಲಾದ ಮೇಲೆ ನವಲಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು, ಅಂದರೆ ರಾತ್ರಿ ಮಂದೆ ನಿಲ್ಲಿಸಲು, ಹೋದವರು ಕಾಲುವೆಯ ಏರಿಯಿಂದ ಜಾರಿ ಬಿದ್ದರು. ಮೂರು ತಿಂಗಳು ನೆಲಕ್ಕೆ ಕಾಲೂರಬಾರದು ಎಂದರು ಡಾಕ್ಟರು. ಹಿಂಡು ಮೇಯಿಸಲು ನಾನಿದ್ದೆ, ಅದರಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮಾರುವುದರಲ್ಲಿ. ಹೆಂಗಸರು ಸಂತೆಗೆ ಬರುತ್ತಾರೆ, ಮೆಣಸಿನಕಾಯಿ ಮಾರುತ್ತಾರೆ, ಕೋಳಿ ಮಾರುತ್ತಾರೆ. ಕುರಿ ಮಾರುವುದಿಲ್ಲ. ಪರಗಂಡಸಿನ ಕೈ ಹಿಡಿದು ಬಟ್ಟೆಯ ಕೆಳಗೆ ಬೆರಳು ಒತ್ತುವ ಹೆಂಗಸನ್ನು ಯಾರೂ ನೋಡಿರಲಿಲ್ಲ.

ಭಾವ, ಅಂದರೆ ನಮ್ಮ ಮನೆಯವರ ಅಣ್ಣ, ಗೋಡೆಯ ಆಚೆಯ ಮನೆಯಲ್ಲೇ ಇದ್ದರು. ಮಂಚದ ಪಕ್ಕ ಕೂತು ತಮ್ಮನಿಗೆ ಹೇಳಿದರು: “ಎರಡೂ ಹಿಂಡು ಕೂಡಿಸಿಬಿಡೂಣು. ಮಾರೂದು ನಾ ನೋಡ್ಕೋತೀನಿ. ನಿನಗ ಯಾಕ ಚಿಂತಿ?” ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ಕೂಡಿದ ಹಿಂಡು ಮತ್ತೆ ಬೇರೆಯಾದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಇವತ್ತು ಕೂಡಿಸಿದರೆ ನಾಳೆ ಒಂದು ಮರಿ ಮಾರಲಿಕ್ಕೂ ನಾನು ಗೋಡೆಯಾಚೆ ಹೋಗಿ ಕೇಳಬೇಕು. ತವರಿನಿಂದ ಬಂದ ಎರಡು ಕುರಿಯಿಂದ ನಾನು ಬೆಳೆಸಿದ ಹಿಂಡು ಅದು.

“ಒಂದು ಸಂತಿ ನಾ ಹೋಗಿ ನೋಡ್ತೀನ್ರಿ,” ಎಂದೆ ಮನೆಯವರಿಗೆ.

ಅವರಿಗಿಂತ ಮೊದಲು ಒಲೆಯ ಮುಂದಿನಿಂದ ಅತ್ತೆ ಉತ್ತರ ಕೊಟ್ಟರು: “ಹೋಗಬೇ, ಹೋಗು. ಗಂಡಸರ ಕೈ ಹಿಡದು ಬಾ. ಊರಾಗ ನನ್ನ ಮುಖಕ್ಕ ಬಂಗಾರದ ನೀರು ಹೊಡೀತಾರ.”

ಆದರೂ ಹೋದೆ. ಟಂಟಂ ಗಾಡಿಯಲ್ಲಿ ನಾಲ್ಕು ಟಗರು ಹೇರಿಕೊಂಡು ಬೆಳಿಗ್ಗೆ ಬೇಗ ಹೋಗಿ ಒಳ್ಳೆಯ ಜಾಗ ಹಿಡಿದೆ. ವ್ಯಾಪಾರಿಗಳು ಬಂದರು. ಹಲ್ಲು ನೋಡಿದರು, ಬೆನ್ನು ಒತ್ತಿ ನೋಡಿದರು, ಟಗರು ಛಲೋ ಅದಾವ ಎಂದರು. ಹೆಗಲ ಮೇಲಿನ ಟವೆಲ್‌ಗೆ ಕೈ ಹೋಗುತ್ತಿತ್ತು, ನನ್ನ ಮುಖ ನೋಡಿ ಕೈ ಹಾಗೇ ಕೆಳಗಿಳಿಯುತ್ತಿತ್ತು. “ಮನಿಯಾಗ ಗಂಡಸರು ಯಾರಿಲ್ಲೇನ್ ತಂಗಿ?” ಎಂದು ಒಬ್ಬ ಕೇಳಿದ. “ಅದಾರ, ಮಲಗ್ಯಾರ,” ಎಂದೆ. ಸುತ್ತ ನಿಂತವರು ನಕ್ಕರು.

ಬಿಸಿಲೇರಿತು. ನನಗೂ ತಾಳ್ಮೆ ತಪ್ಪಿತು. ಕೈ ಬೇಡವಾದರೆ ಬಾಯಿಂದಲೇ ಆಗಲಿ ಎಂದು ಒಬ್ಬನಿಗೆ ದರ ಹೇಳಿಯೇಬಿಟ್ಟೆ. ಹಿಂದಿನಿಂದ ಯಾರೋ “ಮೈಕ್ ಸೆಟ್ಟಿಗೆ ಜೋಡಿ ಸಿಕ್ಕಿತು ನೋಡ್ರಪೋ!” ಎಂದ. ಬಿದ್ದು ಬಿದ್ದು ನಕ್ಕರು. ಇವರೆಲ್ಲ ಪರಕೀಯರಲ್ಲ, ಇವರಲ್ಲೇ ಇಬ್ಬರು ನಮ್ಮ ಮನೆಯವರನ್ನು ಕಾಲುವೆಯಿಂದ ಹೊತ್ತು ತಂದು ಗಂಗಾವತಿಯ ಆಸ್ಪತ್ರೆಗೆ ಸೇರಿಸಿದವರು. ರಾತ್ರಿಯೆಲ್ಲ ಅಲ್ಲೇ ಬಾಗಿಲಲ್ಲಿ ಕೂತವರು. ಅವರೂ ನಗುತ್ತಿದ್ದರು. ಜನ ಹೀಗೇ. ಹೊರುವುದಕ್ಕೂ ಅವರೇ, ನಗುವುದಕ್ಕೂ ಅವರೇ, ಒಂದನ್ನು ಹಿಡಿದು ಇನ್ನೊಂದನ್ನು ಮರೆಯಬಾರದು.

ಸಂತೆಯ ಹಿರಿಯ ದಲಾಲ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. “ರೇಟು ಬಾಯಿಲೆ ಹೇಳಿದ್ರ ಸಂತಿ ಕೆಡತೈತಿ ತಂಗಿ. ಕೈ ಕೊಟ್ರ ನಿನ್ನ ಮರ್ಯಾದಿ ಕೆಡತೈತಿ. ನಾ ಏನ್ ಮಾಡಲಿ ಹೇಳು? ಮುಂದಿನ ವಾರ ನಿಮ್ಮ ಬಾವನ್ನ ಕಳಸು.” ನನಗೆ ಚಹಾ ತರಿಸಿದ. ಅದು ಆರಿತ್ತು.

ನಾಲ್ಕೂ ಟಗರು ವಾಪಸು ಹೇರಿಕೊಂಡು ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಭಾವ ತಮ್ಮನ ಮುಂದೆ ಮೆಲ್ಲಗೆ, “ಆತಲ್ಲ, ಇನ್ನ ಮುಂದಿನ ಸಂತಿಗೆ ಕೂಡಿಸಿಬಿಡೂಣು,” ಎಂದು ಎದ್ದು ಹೋದರು. ನಾನು ಅತ್ತೆಯ ಬೈಗುಳಕ್ಕೆ ಸಿದ್ಧಳಾಗಿ ಕೂತೆ.

ಅತ್ತೆ ಕೇಳಿದ್ದು ಬೇರೆ. “ನಕ್ಕರಂತ?”

“ಹೂನ್ರಿ ಅತ್ತಿ.”

“ಯಾರ್ಯಾರು?”

ಹೇಳಿದೆ. ಅತ್ತೆ ಒಲೆಯಲ್ಲಿದ್ದ ಕಟ್ಟಿಗೆಯನ್ನು ಹಿಂದಕ್ಕೆಳೆದರು. “ನನ್ನ ಸೊಸಿಗೆ ನಾ ಬೈತೀನಿ, ಬಡೀತೀನಿ. ಆ ಮೂಳಗೋಳು ಯಾರು ನಗಾಕ? ಮುಂದಿನ ಸಂತಿಗೆ ನಾನೂ ಬರ್ತೀನಿ.”

ಬಂದರು. ತಲೆ ತುಂಬ ಸೆರಗು ಹೊದ್ದು, ಟಂಟಂ ಗಾಡಿಯಲ್ಲಿ ಟಗರಿನ ಕೊಂಬು ಹಿಡಿದು ಕೂತು ಬಂದರು. ದಾರಿಯಲ್ಲಿ ನಾವೊಂದು ಉಪಾಯ ಮಾಡಿದೆವು. ಅತ್ತೆ ಬಲಗೈಯನ್ನು ವ್ಯಾಪಾರಿಯ ಟವೆಲ್ ಕೆಳಗೆ ಇಡುವುದು, ಎಡಗೈಯನ್ನು ನನ್ನ ಸೆರಗಿನ ಕೆಳಗೆ. ಆ ಕಡೆ ಎಷ್ಟು ಬೆರಳು ಒತ್ತುತ್ತಾರೋ ಅದನ್ನು ಅತ್ತೆ ಈ ಕಡೆ ನನಗೆ ಒತ್ತಬೇಕು, ನಾನು ಒತ್ತಿದ್ದನ್ನು ಆ ಕಡೆ ದಾಟಿಸಬೇಕು. ಕರೆಂಟು ತಂತಿ ಇದ್ದ ಹಾಗೆ.

ಗಂಗಾವತಿಯ ಕಡೆಯ ಒಬ್ಬ ವ್ಯಾಪಾರಿ ನಮ್ಮ ಟಗರುಗಳ ಮುಂದೆ ಎರಡು ಸಲ ಸುತ್ತಿದ್ದ. ಸರಕು ಇಷ್ಟವಾದವನು ಮಾತ್ರ ಎರಡು ಸಲ ಸುತ್ತುತ್ತಾನೆ, ನೆನಪಿಟ್ಟುಕೊಳ್ಳಿ. ಅತ್ತೆ ಅವನ ಮುಂದೆ ಕೈ ಚಾಚಿ, ಟವೆಲ್ ತೋರಿಸಿ, “ಹೊದಸೋ ಅರಬೀ,” ಎಂದರು.

ಅವನು ದಲಾಲನ ಮುಖ ನೋಡಿದ. ದಲಾಲ ಮೈಕ್ ಸೆಟ್ಟಿನ ಮುಖ ನೋಡಿದ. ಇಡೀ ಸಾಲು ತಿರುಗಿ ನಿಂತಿತು. ಇವತ್ತೂ ಟಗರು ಹಿಂದಕ್ಕೆ ಹೋದರೆ ಸಂಜೆಗೆ ಹಿಂಡು ಗೋಡೆ ದಾಟುತ್ತದೆ.

“ಏನ್ ನೋಡ್ತಿಯೋ?” ಅತ್ತೆ ಕೇಳಿದರು. “ನಿಮ್ಮವ್ವಗಿಂತ ದೊಡ್ಡಾಕಿ ಅದೀನಿ. ಮುದುಕಿ ಕೈ ಹಿಡದ್ರ ನಿನ್ನ ಮರ್ಯಾದಿ ಹೋಗತೈತೇನು, ನಂದೇನು?”

ದಲಾಲ ಮೀಸೆ ಒರೆಸಿಕೊಂಡ. ನಗು ಬಂದಿತ್ತು, ಅದನ್ನು ಒರೆಸುತ್ತಿದ್ದ. “ಯಮ್ಮನ ಕೈಗೆ ಏನ್ ಅಡ್ಡಿ ಐತ್ರಪಾ? ಬಾಯಿಲೆ ಏನೂ ಹೇಳಂಗಿಲ್ಲಲ್ಲ. ಹೊದಸು.”

ಟವೆಲ್ ಬಿತ್ತು. ಅತ್ತೆಯ ಎಡಗೈ ನನ್ನ ಸೆರಗಿನೊಳಗೆ ಬಂತು. ಮೊದಲ ದರ ದಾಟಿ ಬಂತು, ಕಡಿಮೆ. ನಾನು ಏರಿಸಿದೆ. ಮತ್ತೆ ಬಂತು, ಸ್ವಲ್ಪ ಹೆಚ್ಚು. ಮೂರನೆಯ ಸಲ ಬಂದದ್ದು ನನ್ನ ಮನಸ್ಸಿನ ದರವೇ. ಸಾಕು ಎಂದು ಅತ್ತೆಯ ಅಂಗೈ ಗಟ್ಟಿಯಾಗಿ ಒತ್ತಿದೆ. ಅತ್ತೆ ಕದಲಲಿಲ್ಲ. ಮತ್ತೆ ಒತ್ತಿದೆ. ಅತ್ತೆ ನನ್ನ ಕೈಯನ್ನು ಚಿವುಟಿ ಬದಿಗೆ ಸರಿಸಿದರು. ಆಮೇಲೆ ಈ ಕಡೆಗೆ ಏನೂ ಬರಲಿಲ್ಲ. ಟವೆಲ್ ಮಾತ್ರ ಅಲುಗುತ್ತಿತ್ತು. ವ್ಯಾಪಾರಿ ಹಣೆ ಗಂಟು ಹಾಕಿದ, ತುಟಿ ಕಚ್ಚಿದ, “ಇದು ಭಾಳ ಆತ್ ಬೇ ಯಮ್ಮಾ,” ಎಂದ. “ಬ್ಯಾಡಾಗಿದ್ರ ಬಿಡು,” ಎಂದು ಅತ್ತೆ ಆಕಾಶ ನೋಡಿದರು. ವ್ಯಾಪಾರಿ ನಿಟ್ಟುಸಿರು ಬಿಟ್ಟು ಟವೆಲ್ ತೆಗೆದ. ನಾನು ಒಪ್ಪಿಕೊಳ್ಳಬೇಕೆಂದಿದ್ದಕ್ಕಿಂತ ಪ್ರತಿ ಟಗರಿಗೂ ಹೆಚ್ಚಿಗೆ ಬಂದಿತ್ತು. ದಲಾಲ ಚಹಾ ತರಿಸಿದ. ಅತ್ತೆ ಊದಿ ಊದಿ ಕುಡಿದರು.

ವಾಪಸು ಬರುವಾಗ ಕೇಳಿದೆ: “ಅತ್ತಿ, ಈ ವಿದ್ಯಾ ಎಲ್ಲಿ ಕಲತ್ರಿ?”

“ನಿಮ್ಮ ಮಾವಗ ಸಂತಿ ಹಿಂದಿನ ಸಂಜಿ ಭಾಳ ಅಂಜಿಕಿ. ನಾಳಿನ ದರ ನನ್ನ ಕೈ ಮ್ಯಾಲ ಒತ್ತಿ ಒತ್ತಿ ನೋಡತಿದ್ದ. ನಾ ವ್ಯಾಪಾರಿ, ಅಂವ ಮಾರಾಂವ.” ಅತ್ತೆ ಸೆರಗು ಮುಂದೆಳೆದುಕೊಂಡರು. “ಒಂದ್ ಸರತೀನೂ ಗೆದ್ದಿಲ್ಲ, ಪಾಪ.”

ಮುಂದಿನ ಸಂತೆಯ ಹಿಂದಿನ ದಿನ ಭಾವ ಬಂದರು. ಹಿಂಡು ಕೂಡಿಸುವ ಮಾತು ಎತ್ತಲಿಲ್ಲ. ಬಾಗಿಲಲ್ಲಿ ನಿಂತು, “ಯವ್ವಾ, ನಾಳಿ ನನ್ನ ಟಗರಿಗೂ ಒಂದೀಟು ಕೈ ಹಾಕ್ತಿಯೇನು?” ಎಂದರು.

“ನನ್ನ ಯಾಕ ಕೇಳ್ತಿ? ಬಾಡಿಗಿ ಗಾಡಿ ಆಕೀ ಹೇಳ್ಯಾಳ. ಆಕೀನ್ನ ಕೇಳು,” ಎಂದರು ಅತ್ತೆ.

ನಮ್ಮ ಕಡೆ ಭಾವ ತಮ್ಮನ ಹೆಂಡತಿಯನ್ನು ನೇರವಾಗಿ ಮಾತಾಡಿಸುವುದಿಲ್ಲ. ಏನಿದ್ದರೂ ತಮ್ಮನಿಗೆ ಹೇಳುತ್ತಾರೆ, ತಾಯಿಗೆ ಹೇಳುತ್ತಾರೆ, ಯಾರೂ ಇಲ್ಲದಿದ್ದರೆ ಕಟ್ಟಿದ ಎಮ್ಮೆಗೆ ಹೇಳುತ್ತಾರೆ. ಭಾವ ಗಂಟಲು ಸರಿಮಾಡಿಕೊಂಡರು. ಎಮ್ಮೆಯ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತ ನನ್ನನ್ನೇ ಕೇಳಿದರು: “ಗಾಡಿಯಾಗ ಜಾಗ ಐತೇನ್ ತಂಗಿ?”

“ಐತ್ರಿ ಬಾವಾ,” ಎಂದೆ. “ಹಿಂಡು ಬ್ಯಾರೆ, ಬಾಡಿಗಿ ಅರ್ಧಾ ಅರ್ಧ.”