ಮೇಜರನ ಹಕ್ಕಿಗೆ ಟೈಲರನ ಹೆಸರು

ಮುಹರ್ರಕ್ ಎಂಬ ಅರಬ್ ಊರಿನ ಹಳೇ ಗಲ್ಲಿಯಲ್ಲಿ ಟೈಲರ್ ಚೆನ್ನಪ್ಪನಿಗೆ ಎಲ್ಲವೂ ಇತ್ತು, ಹೆಸರೊಂದನ್ನು ಬಿಟ್ಟು. ಅಂಗಡಿಯ ಬೋರ್ಡಿನಲ್ಲಿ ವೀಸಾ ಕೊಟ್ಟ ಕಫೀಲನ ಹೆಸರು, ಕರೆಂಟು ಬಿಲ್ಲಿನಲ್ಲೂ ಅವನದೇ. ಗಿರಾಕಿಗಳ ಬಾಯಲ್ಲಿ ಬರೀ ‘ಖಯ್ಯಾತ್’, ಎಂದರೆ ದರ್ಜಿ. ಮೂಲ್ಕಿಯಿಂದ ಬಂದು ಮೂವತ್ತು ವರ್ಷ ಅರ್ಧ ಊರಿನ ಬಟ್ಟೆ ಹೊಲಿದವನಿಗೆ ಇದು ಒಳಗೊಳಗೇ ಚುಚ್ಚುತ್ತಿತ್ತು.

ಎದುರಿನ ಖರ್ಜೂರದ ಮರದಲ್ಲಿ ಒಂದು ಗುಲಾಬಿ ಕಾಕಟೂ ಗಿಳಿ ಇತ್ತು. ಯಾರದೋ ಪಂಜರದಿಂದ ತಪ್ಪಿಸಿಕೊಂಡು ಬಂದು ಕಾಡುಹಕ್ಕಿಯೇ ಆಗಿಬಿಟ್ಟಿತ್ತು. ಸಿಟ್ಟು ಬಂದರೆ ನೆತ್ತಿಯ ಕೆಂಪು-ಹಳದಿ ಜುಟ್ಟು ಬಿಚ್ಚುತ್ತಿತ್ತು. ಚೆನ್ನಪ್ಪ ದಿನವೂ ಅದಕ್ಕೆ ಕಡಲೆಬೀಜ ಹಾಕುತ್ತಿದ್ದ. ರವಿಕೆ ಹೊಲಿಸಲು ಬಂದ ಬೆಂಗಳೂರಿನ ಚಿತ್ರಾ ಒಮ್ಮೆ ಅದನ್ನು ನೋಡಿ, "ಅಯ್ಯೋ, ಇದು ಮೇಜರ್ ಮಿಚೆಲ್ ಕಾಕಟೂ ಅಲ್ವಾ! ಆಸ್ಟ್ರೇಲಿಯಾದ್ದು," ಎಂದಳು.

"ಅದು ಯಾರು ಮೇಡಂ, ಮೇಜರು?"

"ಅಲ್ಲಿ ಲ್ಯಾಂಡ್ ಸರ್ವೆ ಮಾಡ್ತಿದ್ರಂತೆ. ಈ ಹಕ್ಕೀನ ತುಂಬಾ ಹೊಗಳಿ ಬರೆದಿದ್ರಂತೆ. ಅದಕ್ಕೇ ಅವರ ಹೆಸರಲ್ಲೇ ಕರೀತಾರೆ."

ಚೆನ್ನಪ್ಪನ ಕತ್ತರಿ ನಿಂತಿತು. "ಅಳತೆ ತೆಗೆದದ್ದಕ್ಕೆ ಹೆಸರು ಕೊಡುವುದಾದ್ರೆ ನಾನು ಎಂತ ಪಾಪ ಮಾಡಿದ್ದು? ಇಡೀ ಮುಹರ್ರಕ್‌ನ ಸೊಂಟದ ಅಳತೆ ನನ್ನ ಹತ್ತಿರ ಉಂಟು. ಮೇಜರು ಬರೀ ಹೊಗಳಿದ್ದು, ನಾನು ಕಡಲೆ ಸಹ ಹಾಕ್ತೇನೆ!"

ಅಂದಿನಿಂದ ಉಡದ ಪಟ್ಟು ಹಿಡಿದ. ಬಂದವರಿಗೆಲ್ಲ ಹಕ್ಕಿ ತೋರಿಸಿ, ಇದರ ಹೆಸರು ಚೆನ್ನಪ್ಪ ಎನ್ನುವನು. ಕೆಫೆಟೇರಿಯಾದ ಆದಂ ಅದನ್ನು "ಮಿಟ್ಟೂ" ಎಂದು ಕರೆದರೆ ಚಹಾ ಅರ್ಧಕ್ಕೇ ಬಿಟ್ಟು ಹೋಗಿ ತಿದ್ದುವನು. ಎದುರುಮನೆಯ ಅರಬ್ ಮುದುಕಿ ಉಮ್ ಖಾಲಿದ್ ನಕ್ಕು ಬಾಗಿಲು ಹಾಕಿಕೊಳ್ಳುವಳು. ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಕೊನೆಗೆ ಕಣ್ಣು ಮಂಜಾಗಿ, ಸೂಜಿಗೆ ನೂಲು ಪೋಣಿಸಲಾಗದೆ ಚೆನ್ನಪ್ಪ ವೀಸಾ ರದ್ದು ಮಾಡಿಸಿದ. ಹೊರಡುವ ದಿನ ಆ ಬೋರ್ಡಿನ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ನಿಂತಾಗ ಅವನಿಗೆ ನಿಜಕ್ಕೂ ಅಳು ಬಂತು. ಇಷ್ಟು ವರ್ಷ ಬಾಳಿದ ಊರಲ್ಲಿ ನಾಳೆ ತನ್ನ ಹೆಸರೆತ್ತುವವರು ಯಾರೂ ಇಲ್ಲ.

ಅಷ್ಟರಲ್ಲಿ ಮಾಳಿಗೆಯಿಂದ ಉಮ್ ಖಾಲಿದ್ ‘ಪ’ ಹೊರಳದ ಅರಬ್ ನಾಲಿಗೆಯಲ್ಲಿ ಕೂಗಿದಳು: "ಚೆನ್ನಬ್ಬಾ! ತಾಲ್, ತಾಲ್!"

ಬೀಳ್ಕೊಡಲು ಬಾ ಎನ್ನುತ್ತಿದ್ದಾಳೆಂದು ಚೆನ್ನಪ್ಪ ಕಣ್ಣೊರೆಸಿಕೊಂಡು, "ಬಂದೆ ಅಮ್ಮಾ" ಎಂದು ಮುಂದಾದ. ಅವಳು ಇತ್ತ ನೋಡಲೇ ಇಲ್ಲ. ಮರದಿಂದ ಕಾಕಟೂ ಹಾರಿ ಹೋಗಿ ಅವಳ ಕೈಯ ಕಡಲೆಬೀಜ ಕಿತ್ತುಕೊಂಡಿತು.

ತನ್ನನ್ನು ಯಾರೂ ಕರೆಯಲಿಲ್ಲವೆಂದು ಚೆನ್ನಪ್ಪನಿಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.