ಕಮಲಕ್ಕನ ಮನೆಮೆಚ್ಚು

ಹೊಸ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಥರ್ಮೋಕೋಲು, ಪ್ಲಾಸ್ಟಿಕ್ಕು, ಅಂಟು ಎಲ್ಲ ಬೆರೆತದ್ದು, ಅದು ನಿಮಗೆ ಹಬ್ಬದ ವಾಸನೆ ಅನ್ನಿಸಬಹುದು. ನನಗೆ ಆ ವಾಸನೆಯಲ್ಲಿ ನಿಲ್ಲಲಾಗುವುದಿಲ್ಲ. ಹೋದ ವಾರ ಶಿವಾಜಿನಗರದ ಪಾತ್ರೆ ಪದಾರ್ಥಗಳ ಅಂಗಡಿಯೊಂದರಲ್ಲಿ ನಾನೂ ಹೆಂಡತಿಯೂ ನಿಂತಿದ್ದೆವು. ಅವಳ ತಮ್ಮನ ಗೃಹಪ್ರವೇಶಕ್ಕೆ ಏನಾದರೂ ಕೊಡಬೇಕಿತ್ತು. ಅಂಗಡಿಯ ಹೆಂಗಸು ಒಂದಾದ ಮೇಲೊಂದು ಪೆಟ್ಟಿಗೆ ಬಿಚ್ಚಿ ಮುಂದಿಡುತ್ತಿದ್ದಳು. ಹೆಂಡತಿ ನನ್ನ ಕಡೆ ತಿರುಗಿ, "ನೀವೇ ಹೇಳ್ರೀ, ಒಂದು ಕಾಲದಲ್ಲಿ ಊರಿಗೆಲ್ಲ ಹೇಳ್ತಿದ್ರಲ್ಲ" ಎಂದಳು. ತಮಾಷೆಗೆ ಅಂದದ್ದು. ನಾನು ಸೆಕೆಯ ನೆಪ ಹೇಳಿ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಊರಿಗೆಲ್ಲ ಹೇಳುತ್ತಿದ್ದದ್ದು ನಿಜ. ತೊಂಬತ್ತರ ದಶಕದ ನಡುವಿನಲ್ಲಿ ಹಲಸೂರಿನ ಬಜಾರು ಬೀದಿಯಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಿಂದ, ಎಂಟು ಪುಟದ ವಾರಪತ್ರಿಕೆಯೊಂದು ಹೊರಡುತ್ತಿತ್ತು. ಹಲಸೂರು, ಇಂದಿರಾನಗರ, ಜೀವನ್ ಬಿಮಾ ನಗರದ ಮನೆಗಳಿಗೆ ಬಿಟ್ಟಿಯಾಗಿ ಹಂಚುತ್ತಿದ್ದೆವು. ಸಂಪಾದಕರು ನಂಜುಂಡಯ್ಯನವರು, ಸರಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ, ಕೂತು ತಿನ್ನಲು ನಾಚಿಕೆಯಾಗಿ ಪತ್ರಿಕೆ ತೆಗೆದವರು. ಅವರು ಮೋರಿ, ಬೀದಿದೀಪ, ನೀರಿನ ಪೈಪುಗಳ ಬಗ್ಗೆ ಕೆಂಡ ಕಾರುವ ಸಂಪಾದಕೀಯ ಬರೆಯುತ್ತಿದ್ದರು. ಉಳಿದ ಏಳು ಪುಟ ನನ್ನದು. ಆಗ ನನಗೆ ಇಪ್ಪತ್ತನಾಲ್ಕು. ಅಪ್ಪ ವಿಮಾ ಕಚೇರಿಯ ಗುಮಾಸ್ತರು, ಮನೆ ಜೀವನ್ ಬಿಮಾ ನಗರದಲ್ಲಿ. ಬೇರೆ ಕೆಲಸ ಸಿಗುವವರೆಗೆ ಅಂತ ಸೇರಿಕೊಂಡಿದ್ದೆ.

ಆ ಏಳು ಪುಟದಲ್ಲಿ ಜನ ಓದುತ್ತಿದ್ದದ್ದು ಒಂದನ್ನೇ. 'ಮನೆಮೆಚ್ಚು' ಅಂತ ಅಂಕಣ, ಬರೆಯುವವರು ಕಮಲಕ್ಕ. ವಾರಕ್ಕೊಂದು ಮನೆಬಳಕೆಯ ವಸ್ತು, ಭಾನುವಾರ ನೋಡಬಹುದಾದ ಒಂದು ವಿಡಿಯೋ ಕ್ಯಾಸೆಟ್ಟೋ ನಾಟಕವೋ, ಯಾರಿಗಾದರೂ ಕೊಡಬಹುದಾದ ಒಂದು ಉಡುಗೊರೆ. ಕಮಲಕ್ಕನಿಗೆ ನಲವತ್ತರ ಮೇಲೆ ವಯಸ್ಸು, ಇಬ್ಬರು ಮಕ್ಕಳು, ಮುಂಗೋಪಿ ಗಂಡ, ಮಂಡಿನೋವಿನ ಅತ್ತೆ. ಇಷ್ಟನ್ನೂ ಸೃಷ್ಟಿಸಿದ್ದು ಈರುಳ್ಳಿ ಹೆಚ್ಚಲು ಬಾರದ ಬ್ರಹ್ಮಚಾರಿಯಾದ ನಾನು. ಕಾಯಿ ತುರಿಯುವ ಯಂತ್ರ ಹೇಗಿರಬೇಕು, ಇಡ್ಲಿ ತಟ್ಟೆಗೆ ಎಷ್ಟು ತೂತು ಬೇಕು ಎಂದು ಅಮ್ಮನನ್ನು ಕೇಳಿ ಬರೆಯುತ್ತಿದ್ದೆ. ಬರೆದದ್ದನ್ನು ಅಮ್ಮ ಶನಿವಾರ ಓದಿ, ಈ ಕಮಲಕ್ಕನ ಗಂಡನ ಮೇಲೆ ತನಗೆ ಕನಿಕರ ಬರುತ್ತದೆ ಎನ್ನುತ್ತಿದ್ದಳು. ಓದುಗರ ಪತ್ರಗಳು ಬಂದವು. ನನಗೆ ಒಳಗೊಳಗೇ ಹೆಮ್ಮೆ. ಹೆಂಗಸರ ಮನಸ್ಸನ್ನು ಇಷ್ಟು ಬಲ್ಲವನಿಗೆ ಒಂದು ಹುಡುಗಿಯೂ ತಿರುಗಿ ನೋಡದಿರುವುದು ಲೋಕದ ಅನ್ಯಾಯ ಅಂದುಕೊಂಡು ತಿರುಗುತ್ತಿದ್ದೆ.

ಜಯಮ್ಮ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಇಂದಿರಾನಗರದ ನರ್ಸರಿ ಶಾಲೆಯೊಂದರಲ್ಲಿ ಆಯಾ. ಗಂಡ ತೀರಿ ಬಹಳ ವರ್ಷವಾಗಿತ್ತು. ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಒಂದು ಕೋಣೆಯ ಮನೆ. ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಮಲಕ್ಕ ಇದ್ದಾರಾ ಎಂದು ಕೇಳಿದಳು. ಅವರು ಆಫೀಸಿಗೆ ಬರುವುದಿಲ್ಲ, ಬರೆದು ಕಳಿಸುತ್ತಾರೆ ಎಂದೆ. ಸ್ವಲ್ಪ ಸಪ್ಪಗಾದಳು. ಆಮೇಲೆ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಅದರಲ್ಲಿ ಕೋಡುಬಳೆ ಇದೆ, ಅಕ್ಕನಿಗೆ ತಲುಪಿಸಬೇಕು ಎಂದಳು. ಅವಳ ಮಗಳು ಮಂಜುಳಾ ಪ್ರತಿವಾರ ಅಂಕಣವನ್ನು ಓದಿ ಹೇಳುತ್ತಿದ್ದಳಂತೆ. ಈಗ ಅವಳು ಮದುವೆಯಾಗಿ ಕೆ.ಆರ್. ಪುರಕ್ಕೆ ಹೋಗಿದ್ದಾಳೆ, ಜಯಮ್ಮನಿಗೆ ಓದು ಬಾರದು.

"ನೀವೇ ಸ್ವಲ್ಪ ಓದಿ ಹೇಳ್ತೀರಾ ಸಾರ್, ನಿಮ್ಗೆ ಬಿಡುವಿದ್ರೆ."

ಓದಿದೆ. ನಾನು ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿ, ಎದುರಿಗೆ ಕೂತವಳು ನಗುವುದನ್ನು ನೋಡುವ ಸುಖ ನನಗೆ ಅವತ್ತು ಗೊತ್ತಾಯಿತು. ಅವಳು ಹೋದ ಮೇಲೆ ನಾನೂ ನಂಜುಂಡಯ್ಯನವರೂ ಕೋಡುಬಳೆ ತಿಂದು ಮುಗಿಸಿದೆವು. ಕಮಲಕ್ಕನಿಗೆ ಬಹಳ ಹಿಡಿಸಿತಂತೆ ಎಂದು ಮುಂದಿನ ವಾರ ಹೇಳಿದೆ. ಅಲ್ಲಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಬರುವುದು, ಬೆಂಚಿನ ತುದಿಯಲ್ಲಿ ಕೂತು ಕೇಳಿಸಿಕೊಳ್ಳುವುದು, ಭಾನುವಾರ ಅದೇ ಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೆ.ಆರ್. ಪುರಕ್ಕೆ ಹೋಗಿ ಮಗಳಿಗೆ ಕೊಡುವುದು, ಹೀಗೆ ನಡೆಯಿತು.

ಮಂಜುಳಾಳನ್ನು ನಾನು ನೋಡಲೇ ಇಲ್ಲ. ನೋಡದಿದ್ದರೂ ಗೊತ್ತಿತ್ತು. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಬೆಳಿಗ್ಗೆ ಬೇಗ ಹೊರಡಬೇಕು. ಗಂಡನಿಗೆ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಪಾಳಿ. ಒಳ್ಳೆಯ ಹುಡುಗ, ಕುಡಿಯುವುದಿಲ್ಲ. ಸೀಮೆಎಣ್ಣೆ ಸ್ಟೋವಿನ ಮೇಲೆ ಸ್ನಾನದ ನೀರು ಕಾಯುವುದರೊಳಗೆ ಅಡುಗೆಗೆ ಹೊತ್ತಾಗುತ್ತದೆ, ಅವಳು ಎಷ್ಟೋ ದಿನ ತಣ್ಣೀರಲ್ಲೇ ಮಿಂದು ಓಡುತ್ತಾಳೆ, ಅವಳಿಗೆ ಮೊದಲೇ ಶೀತದ ಮೈ. ಇದನ್ನೆಲ್ಲ ಜಯಮ್ಮ ನನಗೆ ಹೇಳುತ್ತಿರಲಿಲ್ಲ. ಕಮಲಕ್ಕನಿಗೆ ಹೇಳಿ ಎಂದು ನನಗೆ ಒಪ್ಪಿಸುತ್ತಿದ್ದಳು.

ದೀಪಾವಳಿ ಹತ್ತಿರ ಬಂತು. ಮದುವೆಯಾದ ಮೇಲೆ ಮಂಜುಳಾಗೆ ಅದು ಮೊದಲ ದೀಪಾವಳಿ. ಮಗಳು ಅಳಿಯ ಹಬ್ಬಕ್ಕೆ ಬರುತ್ತಾರೆ, ಏನು ಕೊಟ್ಟರೆ ಚೆನ್ನ ಎಂದು ಕಮಲಕ್ಕನನ್ನು ಕೇಳಿ ಹೇಳಬೇಕೆಂದು ಜಯಮ್ಮ ಎರಡು ವಾರ ಮೊದಲೇ ಹೇಳಿ ಹೋದಳು. ಅದೇ ಹೊತ್ತಿಗೆ ಅಂಗಡಿಯೊಂದು ನಮಗೆ ದೊಡ್ಡ ಜಾಹೀರಾತು ಕೊಟ್ಟಿತ್ತು. ನೀರು ಕಾಯಿಸುವ ಕಾಯಿಲ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ಅವರಿಗೆ ಸಂತೋಷವಾಗುತ್ತದೆ ಎಂದು ನಂಜುಂಡಯ್ಯನವರು ಹೇಳಿದರು. ನಿಮಗೆ ಗೊತ್ತಿರುವ ವಸ್ತುವೇ, ಬಕೆಟ್ಟಿಗೆ ಇಳಿಬಿಡುವ ಸುರುಳಿ. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಪಕ್ಕದ ಮನೆಯವರಲ್ಲಿ ಇತ್ತು. ಅಮ್ಮನನ್ನು ಕೇಳಿದಾಗ ಅವಳು ಹೊಗಳುವ ಮೊದಲು ಹೇಳಿದ್ದು ಒಂದೇ ಮಾತು: ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಬೇಕು, ಇದನ್ನು ಮರೆಯದೆ ಬರೆ.

ಮರೆಯಲಿಲ್ಲ, ಬರೆದೆ. ಅಂಕಣದ ಕೊನೆಯ ಎರಡು ಸಾಲು ಅದೇ ಆಗಿತ್ತು. ಆದರೆ ಪುಟ ಕಟ್ಟುವಾಗ ಎರಡು ಸಾಲು ಹೆಚ್ಚಾಯಿತು. ಜಾಹೀರಾತಿನ ಚೌಕವನ್ನು ಕುಗ್ಗಿಸುವಂತಿರಲಿಲ್ಲ. ಎಲ್ಲಾದರೂ ಎರಡು ಸಾಲು ತೆಗಿ ಎಂದು ನಂಜುಂಡಯ್ಯನವರು ಹೇಳಿ ಕಾಫಿಗೆ ಹೋದರು. ಅಂಕಣದ ನಡುವೆ ಎರಡೇ ಸಾಲಿನ ಒಂದು ನಗೆಮಾತು ಇತ್ತು: 'ಗಂಡನನ್ನು ಬಿಸಿ ಮಾಡಲು ನಮ್ಮ ಒಂದು ಮಾತು ಸಾಕು, ನೀರನ್ನು ಬಿಸಿ ಮಾಡಲು ಮಾತ್ರ ಈ ಕಾಯಿಲ್ ಬೇಕು.' ಅದು ಹೊಳೆದಾಗ ನಾನು ಒಬ್ಬನೇ ಕೂತು ನಕ್ಕಿದ್ದೆ. ಹತ್ತು ನಿಮಿಷವೂ ಯೋಚಿಸಲಿಲ್ಲ. ಕೊನೆಯ ಎರಡು ಸಾಲನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದೆ. ವಸ್ತುವಿನ ಜೊತೆಗೆ ಕಂಪನಿಯವರು ಚೀಟಿ ಕೊಟ್ಟೇ ಕೊಟ್ಟಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಚೀಟಿ ಇತ್ತೋ ಇಲ್ಲವೋ, ಇದ್ದರೆ ಯಾವ ಭಾಷೆಯಲ್ಲಿತ್ತೋ, ನನಗೆ ಈವರೆಗೂ ಗೊತ್ತಿಲ್ಲ.

ಶನಿವಾರ ಅಮ್ಮ ಓದಿ, ತಾನು ಹೇಳಿದ್ದು ಎಲ್ಲಿ ಎಂದಳು. ಜಾಗ ಸಾಲಲಿಲ್ಲ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಪತ್ರಿಕೆ ಮಡಚಿಟ್ಟಳು.

ಅದೇ ಮಧ್ಯಾಹ್ನ ಜಯಮ್ಮನಿಗೆ ಓದಿದೆ. ಕಮಲಕ್ಕ ತನ್ನ ಪ್ರಶ್ನೆಗೇ ಉತ್ತರ ಕೊಟ್ಟಿದ್ದಾರೆ ಎಂದು ಅವಳಿಗೆ ಕಣ್ಣಲ್ಲಿ ನೀರೇ ಬಂತು. ಗಂಡನನ್ನು ಬಿಸಿ ಮಾಡುವ ಸಾಲಿಗೆ ಸೆರಗು ಬಾಯಿಗಿಟ್ಟು ನಕ್ಕಳು, ಇನ್ನೊಮ್ಮೆ ಓದಿಸಿದಳು. ಅವಳು ನನ್ನ ಎದುರಿಗೆ ಎರಡು ಮಾರು ದೂರದಲ್ಲಿ ಕೂತಿದ್ದಳು. ತೆಗೆದ ಸಾಲು ನನಗೆ ಬಾಯಿಪಾಠ ಇತ್ತು. ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತು, ಅದಕ್ಕೆ ಯಾವ ಪುಟದ ಜಾಗವೂ ಬೇಕಿರಲಿಲ್ಲ. ಅವಳು ನಗುತ್ತಿದ್ದಳು, ನಾನು ಆ ನಗುವನ್ನು ನೋಡುತ್ತಿದ್ದೆ.

ನೀರು ತುಂಬುವ ಹಬ್ಬದ ದಿನ ಜಯಮ್ಮನ ಮನೆಯಲ್ಲಿ ಹೊಸ ಕಾಯಿಲ್‌ಗೆ ಅರಿಶಿನ ಕುಂಕುಮ ಹಚ್ಚಿದರಂತೆ. ಮಾರನೆಯ ದಿನ ಅಳಿಯ ಎಣ್ಣೆ ಹಚ್ಚಿಸಿಕೊಂಡು ಎರಡು ಬಕೆಟ್ ಬಿಸಿನೀರು ಮಿಂದನಂತೆ. ಹಬ್ಬ ಮುಗಿಸಿ ಮಂಜುಳಾ ಅದನ್ನು ಕೆ.ಆರ್. ಪುರಕ್ಕೆ ಕೊಂಡೊಯ್ದಳು. ಇಷ್ಟನ್ನು ಜಯಮ್ಮ ಸಂಭ್ರಮದಿಂದ ಹೇಳಿ ಹೋಗಿದ್ದಳು.

ಆಮೇಲೆ ಮೂರು ಶನಿವಾರ ಅವಳು ಬರಲಿಲ್ಲ. ನಾಲ್ಕನೆಯದಕ್ಕೆ ಬಂದಳು. ಡಬ್ಬಿ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಪ್ಲಾಸ್ಟಿಕ್ ಕವರಿನಿಂದ ಪತ್ರಿಕೆಯ ತುಂಡುಗಳನ್ನು ತೆಗೆದಳು. ಎಲ್ಲವೂ 'ಮನೆಮೆಚ್ಚು'. ಮಂಜುಳಾ ಅವನ್ನೆಲ್ಲ ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳಂತೆ. ಇದ್ದಳು ಎಂದು ಅವಳು ಹೇಳಿದ ರೀತಿಯಲ್ಲೇ ನನಗೆ ತಿಳಿಯಿತು. ಉಳಿದದ್ದನ್ನು ಅವಳು ಸಣ್ಣ ದನಿಯಲ್ಲಿ, ಬೇರೆ ಯಾರದೋ ಮನೆಯ ಸಂಗತಿಯಂತೆ ಹೇಳಿದಳು. ಬೆಳಿಗ್ಗೆ ಅಳಿಯ ಪಾಳಿ ಮುಗಿಸಿ ಬಂದು ಬಾಗಿಲು ತಟ್ಟಿದ್ದಾನೆ. ತೆರೆಯಲಿಲ್ಲ. ಒಡೆದು ನೋಡಿದರೆ ಬಚ್ಚಲಲ್ಲಿ ಕಬ್ಬಿಣದ ಬಕೆಟ್ಟು, ಅದರ ಪಕ್ಕದಲ್ಲಿ ಅವಳು. ನೀರು ಕಾದಿದೆಯೋ ಎಂದು ಬೆರಳಿಟ್ಟು ನೋಡಿರಬೇಕು ಎಂದರಂತೆ ಪೊಲೀಸಿನವರು.

ತುಂಡುಗಳಲ್ಲಿ ಒಂದನ್ನು ಆರಿಸಿ ನನ್ನ ಮುಂದೆ ಸರಿಸಿದಳು. ಅಕ್ಷರ ಬಾರದಿದ್ದರೂ ಅದರ ಜೊತೆಗಿದ್ದ ಚಿತ್ರದಿಂದ ಅವಳಿಗೆ ಗುರುತಿತ್ತು.

"ಇನ್ನೊಂದ್ಸಲ ಓದಪ್ಪ. ಅಕ್ಕ ಹೇಳಿದ್ರಲ್ಲಿ ನಾವೇನೋ ಬಿಟ್ಬಿಟ್ಟಿದೀವಿ."

ಓದಿದೆ. ನಗೆಮಾತಿನ ಸಾಲು ಬಂತು. ಹಾರಿಸಿದರೆ ಅವಳಿಗೆ ಗೊತ್ತಾಗುತ್ತಿತ್ತು, ಎರಡು ಸಲ ಕೇಳಿದ್ದಳು. ಅದನ್ನೂ ಓದಿದೆ. ಮುಗಿದ ಮೇಲೆ ಅಷ್ಟೇನಾ ಎಂದು ಕೇಳಿದಳು. ಅಷ್ಟೇ ಎಂದೆ. ಸುಳ್ಳಲ್ಲ, ಅಚ್ಚಾದದ್ದು ಅಷ್ಟೇ. ಅವಳು ತುಂಡುಗಳನ್ನು ಒಂದೊಂದಾಗಿ ಕವರಿಗೆ ಸೇರಿಸಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿ ಹೇಳಿದಳು:

"ಅಕ್ಕಂಗೆ ಮಾತ್ರ ಹೇಳ್ಬೇಡಿ ಸಾರ್. ನೊಂದ್ಕೊತಾರೆ."

ನಾನು ಅವತ್ತು ಎದ್ದು ಮೆಟ್ಟಿಲಿಳಿದು ಅವಳ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಗಂಡನಿಗೆ ವರ್ಗವಾಗಿ ಕಮಲಕ್ಕ ಮೈಸೂರಿಗೆ ಹೋದರು ಎಂದು ಪತ್ರಿಕೆಯಲ್ಲಿ ಎರಡು ಸಾಲು ಹಾಕಿ ಅಂಕಣ ನಿಲ್ಲಿಸಿದೆ. ಅದಕ್ಕೆ ಜಾಗ ಸಿಕ್ಕಿತು. ಕೆಲವು ತಿಂಗಳಿಗೆ ಪತ್ರಿಕೆಯೂ ನಿಂತಿತು. ನಂಜುಂಡಯ್ಯನವರಿಗೆ ವಿಷಯ ಗೊತ್ತಾಗಲೇ ಇಲ್ಲ. ಅಮ್ಮನಿಗೆ ನಾನು ಹೇಳಲಿಲ್ಲ. ಆದರೆ ಆ ಚಳಿಗಾಲದಲ್ಲಿ ಅವಳು ಒಂದೆರಡು ಸಲ, ಯಾಕೋ ನೀನು ಅನ್ನ ಸರಿಯಾಗಿ ತಿನ್ನುತ್ತಿಲ್ಲ ಎಂದಿದ್ದಳು.

ಮುಂದಿನ ದೀಪಾವಳಿ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಕೇಳಿಕೊಂಡು ಜಯಮ್ಮನ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತುಂಬಾ ಇಳಿದುಹೋಗಿದ್ದಳು. ಚಾಪೆ ಹಾಸಿ ಕೂರಿಸಿ, ಕಮಲಕ್ಕ ಹೇಗಿದ್ದಾರೆ ಎಂದು ಕೇಳಿದಳು. ಗೋಡೆಯ ಮೇಲೆ ಮಂಜುಳಾಳ ಮದುವೆಯ ಪಟ. ಆ ಹುಡುಗಿಯ ಮುಖವನ್ನು ನಾನು ನೋಡಿದ್ದು ಆಗಲೇ.

"ಕಮಲಕ್ಕ ಅಂತ ಯಾರೂ ಇಲ್ಲ ಜಯಮ್ಮ. ಬರೀತಿದ್ದೋನು ನಾನು" ಎಂದೆ. "ಅವತ್ತು ಕೊನೇಲಿ ಒಂದು ಮಾತಿತ್ತು. ಜಾಗ ಇಲ್ಲ ಅಂತ ತೆಗೆದ್ಬಿಟ್ಟೆ."

ಅಕ್ಕಿಯೊಳಗಿನ ಅವಳ ಬೆರಳು ನಿಂತವು. ಏನು ಮಾತು ಎಂದಳು. ಹೇಳಿದೆ: ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಬೇಕು. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಅವಳು ತುಟಿಯಲ್ಲೇ ಅದನ್ನು ಒಮ್ಮೆ ಅಂದುಕೊಂಡಳು, ಮಕ್ಕಳು ಪಾಠ ಒಪ್ಪಿಸುವ ಹಾಗೆ.

"ಇಷ್ಟೇ ಆಗಿದ್ರೆ ನಂಗೆ ನೆನಪಿರ್ತಿತ್ತು."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಮೊರವನ್ನು ಎತ್ತಿ ಪಕ್ಕಕ್ಕಿಟ್ಟು, ಬಾಗಿಲ ಕಡೆ ನೋಡುತ್ತಾ, "ಹೋಗಪ್ಪ" ಎಂದಳು. ನಾನು ಹೊರಗೆ ಬಂದು ಕೆರೆಯ ತನಕ ನಡೆದೆ. ಕ್ಷಮೆ ಸಿಗುತ್ತದೆಂಬ ಆಸೆ ಇತ್ತೆ ಎಂದು ನೀವು ಕೇಳಬಹುದು. ಇತ್ತು. ಎರಡು ವರ್ಷದ ಮೇಲೆ ಮತ್ತೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಜಯಮ್ಮ ಎಲ್ಲಿಗೆ ಹೋದಳೆಂದು ಅವರಿಗೆ ಗೊತ್ತಿರಲಿಲ್ಲ.

ಹೋದ ವಾರ ಶಿವಾಜಿನಗರದಲ್ಲಿ ಹೆಂಡತಿ ಪೊಟ್ಟಣ ಹಿಡಿದು ಹೊರಬಂದಾಗ ನಾನು ಇನ್ನೂ ಮೆಟ್ಟಿಲ ಮೇಲೇ ಇದ್ದೆ. ಯಾಕೆ, ತಲೆ ಸುತ್ತುತ್ತಿದೆಯಾ ಎಂದಳು. ಕಮಲಕ್ಕನ ಕತೆ ಎಂದೆ. ಮದುವೆಯಾದ ಹೊಸತರಲ್ಲಿ ಅವಳಿಗೆ ಇದನ್ನು ಹೇಳಿದ್ದೆ.

"ಆ ಎಡಿಟರ್ ಮಾಡಿದ್ದಕ್ಕೆ ನೀವು ಇಷ್ಟು ವರ್ಷ ಯಾಕೆ ಒದ್ದಾಡ್ತೀರಾ" ಎಂದಳು.

ಹೌದು, ಅವಳಿಗೆ ಹಾಗೆ ಹೇಳಿದ್ದೆ. ಅವಳಿಗೆ ಮಾತ್ರವಲ್ಲ, ಯಾರಿಗೆ ಹೇಳಿದರೂ ಸಂಪಾದಕರು ಕತ್ತರಿಸಿದರು ಎಂದೇ ಹೇಳಿಕೊಂಡು ಬಂದಿದ್ದೆ. ನಂಜುಂಡಯ್ಯನವರು ಈಗ ಇಲ್ಲ, ಹಾಗಲ್ಲ ಎನ್ನಲು ಬರುವವರೂ ಇಲ್ಲ.

"ಅವರು ಎರಡು ಸಾಲು ತೆಗಿ ಅಂದ್ರು, ಅಷ್ಟೇ. ಯಾವುದು ಅಂತ ಆರಿಸಿದೋನು ನಾನು. ಒಂದು ಜೋಕ್ ಇತ್ತು, ಅದನ್ನ ಉಳಿಸ್ಕೊಂಡೆ."

ಅವಳು ಪೊಟ್ಟಣವನ್ನು ಕೆಳಗಿಟ್ಟು ನನ್ನ ಮೆಟ್ಟಿಲ ಮೇಲೇ ಕೂತಳು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.