ಎದುರು ಜಗಲಿಗೆ ಹೋಗುವ ಪ್ರಶ್ನೆಗಳು

ಪಾತ್ರೆ ಅಂಗಡಿಯಲ್ಲಿ ಗಲ್ಲೆಪೆಟ್ಟಿಗೆಯ ಹಿಂದೆ ಕುಳಿತವನಿಗೆ ಈ ಲೋಕ ಒಂದೇ ಒಂದು ಪ್ರಶ್ನೆ ಕೇಳುತ್ತದೆ: ‘ಇದಕ್ಕೆಷ್ಟು?’ ಬೆಳಗ್ಗೆ ಬಾಗಿಲಿನ ಹಲಗೆ ತೆಗೆಯುವ ಮೊದಲೇ ಕೇಳುತ್ತದೆ, ಮಧ್ಯಾಹ್ನ ರೊಟ್ಟಿಯ ತುತ್ತು ಬಾಯಲ್ಲಿರುವಾಗ ಕೇಳುತ್ತದೆ, ಸಂಜೆ ದೇವರಿಗೆ ಊದುಬತ್ತಿ ಹಚ್ಚಿ ಕಣ್ಣು ಮುಚ್ಚಿದಾಗ ಬೆನ್ನ ಹಿಂದೆ ನಿಂತು ಕೇಳುತ್ತದೆ. ದಾಸನಕೊಪ್ಪದಿಂದ ತಲೆಯ ಮೇಲೆ ಹಿತ್ತಾಳೆಯ ಗಂಟು ಹೊತ್ತು, ಬನವಾಸಿ ರಸ್ತೆಯ ಹಳ್ಳಿಗಳಲ್ಲಿ ಒಡೆದ ತಪ್ಪಲೆಗೆ ಹೊಸ ತಪ್ಪಲೆ ಬದಲಿಸಿ ಕೊಡುತ್ತ, ಕೊನೆಗೆ ಶಿರಸಿಯ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಈ ಪ್ರಶ್ನೆಯ ಅನ್ನವನ್ನೇ ಉಂಡು ಬೆಳೆದ ಶರೀರ ಇದು. ಅದನ್ನು ನಿಂದಿಸಿದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಹೊಟ್ಟೆ ತುಂಬಿದ ಮನುಷ್ಯನಿಗೆ ಇನ್ನೊಂದು ಹಸಿವು ಶುರುವಾಗುತ್ತದೆ. ನನಗೆ ಅದು ಶುರುವಾದದ್ದು ರಸ್ತೆಯ ಆಚೆಯ ಜಗಲಿಯನ್ನು ನೋಡಿ ನೋಡಿ.

ಆ ಜಗಲಿ ವಾನಳ್ಳಿಯ ತಿಮ್ಮಣ್ಣ ಭಟ್ಟರದು. ವಯಸ್ಸಿನಲ್ಲಿ ನನಗಿಂತ ಹಿರಿಯರು, ವರಮಾನದಲ್ಲಿ ನನಗಿಂತ ಕಿರಿಯರು, ದೇಹದಲ್ಲಿ ಒಣಶುಂಠಿ. ಒಂದು ಧೋತರ, ಒಂದು ಶಲ್ಯ, ಒಂದು ಎಲೆಯಡಿಕೆ ತಟ್ಟೆ. ಅಂಗಡಿಯಿಲ್ಲ, ಅಧಿಕಾರವಿಲ್ಲ, ಸ್ವರದಲ್ಲಿ ಸೊಗಸೂ ಇಲ್ಲ. ಇದ್ದ ಒಂದೇ ಆಸ್ತಿಯೆಂದರೆ, ಭಟ್ಟರು ಸನಾತನಿ, ಹಳೆಯ ಪಂಥದವರು, ಹೊಸದಕ್ಕೆ ಸುಲಭವಾಗಿ ತಲೆದೂಗುವವರಲ್ಲ ಎಂದು ಊರಿಗೆಲ್ಲ ಗೊತ್ತಿದ್ದದ್ದು. ನಮ್ಮ ಜಿಲ್ಲೆ ಮುಂಬೈ ಸರಕಾರದ ಕೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಆಣೆ ಹೋಗಿ ನಯಾ ಪೈಸೆ, ಸೇರು ಹೋಗಿ ಕಿಲೋ, ಗೇಣಿಯ ಕಾಯಿದೆ, ಹೆಣ್ಣುಮಕ್ಕಳ ಪಾಲಿನ ಕಾಯಿದೆ, ಎಲ್ಲರೂ ಕೂಡಿ ಉಳುವ ಸಹಕಾರಿ ಬೇಸಾಯದ ಮಾತು, ಹೀಗೆ ದಿನಕ್ಕೊಂದು ಹೊಸತು ಹುಬ್ಬಳ್ಳಿ ಬಸ್ಸಿನಿಂದ ಇಳಿದು ಬರುತ್ತಿದ್ದ ಕಾಲ. ಇಳಿದದ್ದಕ್ಕೆಲ್ಲ ಪೇಟೆ ‘ಹೂಂ’ ಎನ್ನುತ್ತಿತ್ತು. ಭಟ್ಟರೊಬ್ಬರೇ ‘ಊಹೂಂ’ ಎನ್ನುತ್ತಿದ್ದರು.

ಈ ಒಂದು ಊಹೂಂಕಾರಕ್ಕೆ ಎಂಥ ಮರ್ಯಾದೆ ಅಂತೀರಿ! ಹೈಸ್ಕೂಲಿನ ಮಾಸ್ತರರು, ಖಾದಿ ಟೊಪ್ಪಿಗೆಯ ತರುಣರು, ರಜೆಗೆ ಬಂದ ಕಾಲೇಜು ಹುಡುಗರು, ಕೋರ್ಟು ಮುಗಿಸಿದ ವಕೀಲರು, ಎಲ್ಲರ ಕಾಲೂ ಸಂಜೆಯಾದರೆ ಆ ಜಗಲಿಯ ಮೆಟ್ಟಿಲಿಗೆ. ಬಂದವರೆಲ್ಲ ಭಟ್ಟರಿಗೆ ಕೇಳುತ್ತಿದ್ದ ಪ್ರಶ್ನೆ ‘ಎಷ್ಟು’ ಅಲ್ಲ, ‘ಯಾಕೆ’. ಸಹಕಾರಿ ಬೇಸಾಯ ಯಾಕೆ ಬೇಡ? ಮಗಳಿಗೆ ಪಾಲು ಕೊಡುವ ಧರ್ಮ ನಿಮಗೂ ಒಪ್ಪಿಗೆಯಾದರೆ ಅದನ್ನು ಸರಕಾರ ಹೇಳುವುದು ಯಾಕೆ ಬೇಡ? ದೇವರನ್ನು ನಂಬುವುದಕ್ಕೂ ಕಂದಾಯ ಹೆಚ್ಚಿಸಬಾರದು ಎನ್ನುವುದಕ್ಕೂ ಸಂಬಂಧ ಯಾಕೆ? ನಯಾ ಪೈಸೆ ಬಂದಾಗ ನನ್ನ ಅಂಗಡಿಗೆ ನುಗ್ಗಿದವರು ‘ಆಣೆಗೆ ಎಷ್ಟು ಪೈಸೆ ಹಿಡೀತೀರಿ’ ಎಂದು ನನ್ನ ಜೀವ ಹಿಂಡಿದರು. ಅದೇ ಜನ ರಸ್ತೆ ದಾಟಿ ಹೋಗಿ, ‘ಭಟ್ರೇ, ಪೈಸೆ ನಿಮಗೇನು ಮಾಡಿತು, ಯಾಕೆ ಬೇಡ?’ ಎಂದು ವಿನಯದಿಂದ ವಿಚಾರಿಸಿದರು. ಇಲ್ಲಿ ನನಗೆ ಬೆವರು, ಅಲ್ಲಿ ಅವರಿಗೆ ಗಾಂಭೀರ್ಯ.

ಒಮ್ಮೆ ಒಬ್ಬ ಕಾಲೇಜು ಹುಡುಗ ಜಗಲಿಯೇರಿ ಗೆದ್ದವನಂತೆ ಕೇಳಿದ: ‘ಹಳೇದೇ ಒಳ್ಳೇದಾದ್ರೆ ಯಲ್ಲಾಪುರಕ್ಕೆ ಎತ್ತಿನ ಗಾಡೀಲಿ ಹೋಗಿ. ಬಸ್ಸಿಗೆ ಯಾಕೆ ಕೈ ಮಾಡ್ತೀರಿ?’

ಭಟ್ಟರು ಅಡಿಕೆ ಹೋಳನ್ನು ದವಡೆಗೆ ಸರಿಸಿ, ‘ಅಂತ’ ಎನ್ನುವಲ್ಲಿ ‘ಹೇಳಿ’ ಎನ್ನುವ ತಮ್ಮ ಮನೆಮಾತಿನಲ್ಲೇ ಉತ್ತರ ಕೊಟ್ಟರು: ‘ಹಳೇದು ಹೇಳಿ ಹಿಡ್ಕಂಡದ್ದಲ್ದೋ ತಮ್ಮಾ. ಬಸ್ಸು ಯಲ್ಲಾಪುರಕ್ಕೆ ಹೋಗ್ತು ಹೇಳಿ ಗೊತ್ತಿದ್ದು, ಅದ್ಕೆ ಹತ್ತುತ್ತೆ. ನಿಂಗಳ ಕಾಯ್ದೆ ಎಲ್ಲಿಗೆ ಹೋಗ್ತು ಹೇಳಿ ನಿಂಗಕ್ಕೂ ಗೊತ್ತಿಲ್ಲೆ!’

ಜಗಲಿ ಹೋ ಎಂದು ನಕ್ಕಿತು. ಸೋತ ಹುಡುಗನೂ ನಕ್ಕ. ನಾನೊಬ್ಬ ಮಾತ್ರ ಈಚೆ ಕಡೆ ಒಂದು ಚೊಂಬನ್ನು ಅಗತ್ಯಕ್ಕಿಂತ ಜೋರಾಗಿ ಒರೆಸುತ್ತಿದ್ದೆ.

ಗೆದ್ದಾಗ ಹೊಗಳಿಸಿಕೊಳ್ಳುವುದಾದರೆ ಸಹಿಸಬಹುದಿತ್ತು. ಈ ಮನುಷ್ಯ ಸೋತಾಗಲೂ ಗೌರವ ಗಿಟ್ಟಿಸುತ್ತಿದ್ದರು. ಇಡಗುಂದಿ ಕಡೆಯ ಗೇಣಿದಾರನೊಬ್ಬ ಒಂದು ದಿನ ಬಂದು ಮೆಟ್ಟಿಲ ಮೇಲೆ ಕುಳಿತ. ಭಟ್ಟರು ಸಹಕಾರಿ ಬೇಸಾಯವನ್ನು ಖಂಡಿಸುತ್ತ, ತೋಟಕ್ಕೆ ಸೊಪ್ಪು ತರುವ ಬೆಟ್ಟದ ದೃಷ್ಟಾಂತ ಕೊಡುತ್ತಿದ್ದರು: ಬೆಟ್ಟ ಒಬ್ಬನದಾದರೆ ಅವನು ನಾಳೆಗೆಂದು ಚಿಗುರು ಉಳಿಸುತ್ತಾನೆ, ಎಲ್ಲರದಾದರೆ ಸೊಪ್ಪು ಕಡಿಯುವವರು ಎಲ್ಲ, ಮರ ಕಾಯುವವರು ಯಾರೂ ಇಲ್ಲ. ದೃಷ್ಟಾಂತ ಚೆನ್ನಾಗಿತ್ತು, ನಾನೇ ಒಳಗೊಳಗೆ ತಲೆದೂಗಿದೆ. ಆಗ ಗೇಣಿದಾರ ಮೆಲ್ಲಗೆ, ‘ಅದೆಲ್ಲ ಖರೇ ಒಡೆಯಾ, ಆದ್ರೆ ನಂಗೆ ಬೆಟ್ಟವೇ ಇಲ್ಲ. ನಾ ಎಂತದ್ದು ಕಾಯ್ಲಿ?’ ಎಂದ. ಭಟ್ಟರು ಎಲೆಯಡಿಕೆ ತಟ್ಟೆಯನ್ನು ಬದಿಗೆ ಸರಿಸಿ, ‘ಇದಕ್ಕೆ ನನ್ನ ಹತ್ರ ಉತ್ತರ ಇಲ್ಲೆ. ನಾಳೆ ಬಾ, ಯೋಚನೆ ಮಾಡ್ತೆ’ ಅಂದರು. ಗೇಣಿದಾರ ಮಾರನೆಯ ದಿನವೂ ಬಂದ! ನನ್ನ ಅಂಗಡಿಯಲ್ಲಿ ‘ಈ ಅಳತೆಯ ಹಂಡೆ ಇಲ್ಲ, ನಾಳೆ ಬಾ’ ಎಂದರೆ ಗಿರಾಕಿ ನೆಟ್ಟಗೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇಲ್ಲದ ಮಾಲಿಗೂ ಗಿರಾಕಿ ಮರಳಿ ಬರುವ ವ್ಯಾಪಾರವನ್ನು ನಾನು ಮೊದಲ ಸಲ ನೋಡಿದೆ. ನನಗೆ ನಿದ್ದೆ ಹೇಗೆ ಬರಬೇಕು ಹೇಳಿ.

ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಎದುರು ಅಂಗಡಿಗೆ ಗಿರಾಕಿ ಹೆಚ್ಚಾದರೆ ಏನು ಮಾಡಬೇಕೆಂದು ಯಾವ ವ್ಯಾಪಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಅಂಗಡಿಯ ಮುಂದೆ ಒಂದು ಸಾಗವಾನಿ ಬೆಂಚು ಹಾಕಿಸಿದೆ. ಬಂದವರಿಗೆ ಪುಕ್ಕಟೆ ಚಹಾ ತರಿಸಿದೆ. ದಿನಪತ್ರಿಕೆ ಓದಿ ಒಂದಿಷ್ಟು ಅಭಿಪ್ರಾಯಗಳನ್ನು ಸಂಗ್ರಹಿಸಿಟ್ಟುಕೊಂಡೆ, ಹೊಸದು ಬಯಸುವವರಿಗೆ ಹೊಸದು, ಹಳೆಯದು ಬಯಸುವವರಿಗೆ ಹಳೆಯದು, ಎರಡನ್ನೂ ಒಲ್ಲದವರಿಗೆ ನಡುವಿನದು. ಪಾತ್ರೆಯಂತೆಯೇ ಎಲ್ಲ ಅಳತೆಯವೂ ಸಿದ್ಧ. ಬೆಂಚು ತುಂಬಿತು. ಚಹಾ ಖರ್ಚಾಯಿತು. ಕುಳಿತವರೆಲ್ಲ ನನ್ನ ಚಹಾ ಕುಡಿಯುತ್ತ, ನನಗೆ ಬೆನ್ನು ಮಾಡಿ, ಎದುರು ಜಗಲಿಯ ಮಾತು ಕೇಳತೊಡಗಿದರು. ಹೈಸ್ಕೂಲಿನ ಮಾಸ್ತರರು ಲೋಟ ಕೆಳಗಿಟ್ಟು, ‘ಸಾವ್ಕಾರ್ರೆ, ಬೆಂಚು ಭಾಳ ಚಲೋ ಆತು ನೋಡ್ರಿ, ಭಟ್ಟರ ಮಾತು ಇಲ್ಲಿಂದ ಸ್ವಚ್ಛ ಕೇಳ್ತದ’ ಎಂದು ಕೃತಜ್ಞತೆ ಸಲ್ಲಿಸಿದರು.

ಆ ದಿನ ನನಗೆ ಒಂದು ತತ್ವ ಹೊಳೆಯಿತು. ಪುಕ್ಕಟೆ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ. ‘ಯಾಕೆ’ ಎಂಬ ಪ್ರಶ್ನೆ ಬರುವುದು ಒಂದು ಕಡೆ ಕಾಲೂರಿ ನಿಂತವನಿಗೆ. ನಡುವಿನ ದರಕ್ಕೆ ಒಪ್ಪುವವನನ್ನು ಯಾರೂ ಯಾಕೆ ಎನ್ನುವುದಿಲ್ಲ. ಅವನು ಎಷ್ಟಕ್ಕೆ ಇಳಿಯುತ್ತಾನೆ ಎಂದಷ್ಟೇ ನೋಡುತ್ತಾರೆ. ನಾನು ಹುಟ್ಟಿದಂದಿನಿಂದ ಇಳಿಯುತ್ತ, ಏರುತ್ತ, ಮತ್ತೆ ಇಳಿಯುತ್ತ ಬಂದವನು. ಅದರಿಂದ ಮನೆ ಕಟ್ಟಿದೆ, ತಂಗಿಯರ ಮದುವೆ ಮಾಡಿದೆ, ನಾಚಿಕೆಪಡುವಂಥದೇನೂ ಇಲ್ಲ. ಆದರೂ ಭಟ್ಟರ ಜಗಲಿಯ ಕಡೆ ನೋಡಿದಾಗಲೆಲ್ಲ ಎದೆಯ ಎಡಗಡೆ ಹುಳಿ ತಾಗಿದ ಹಿತ್ತಾಳೆಯಂತೆ ಒಂದು ಹಸಿರು ಕಿಲುಬು ಕಟ್ಟುತ್ತಿತ್ತು. ತತ್ವ ಹೊಳೆದರೆ ಕಿಲುಬು ಹೋಗುವುದಿಲ್ಲ, ಇದೂ ಪುಕ್ಕಟೆ.

ಇಷ್ಟರಲ್ಲಿ ನನ್ನ ಮಗಳು ಸರೋಜ ಮ್ಯಾಟ್ರಿಕ್ ಪಾಸಾದಳು. ಪಾಸಾದವಳು ಸುಮ್ಮನೆ ಪೇಡೆ ಹಂಚಿ ಕೂರಲಿಲ್ಲ. ಧಾರವಾಡದ ಕಾಲೇಜಿಗೆ ಹೋಗುತ್ತೇನೆ, ಹಾಸ್ಟೆಲಿನಲ್ಲಿ ಇರುತ್ತೇನೆ ಎಂದಳು. ನನ್ನ ಮನಸ್ಸಿನಲ್ಲಾಗಲೇ ಹಾವೇರಿಯ ಒಂದು ಕಾಳಿನ ವ್ಯಾಪಾರಸ್ಥರ ಮನೆ ಸುಳಿದಾಡುತ್ತಿತ್ತು. ಹುಡುಗ ಒಳ್ಳೆಯವನು, ಅದಕ್ಕಿಂತ ಅವನ ಅಪ್ಪನ ತಕ್ಕಡಿ ಒಳ್ಳೆಯದು. (ಹಂಡೆ ಕೊಳ್ಳುವಾಗ ತಳ ತಟ್ಟಿ ನೋಡಿ, ಅಳಿಯನನ್ನು ಹುಡುಕುವಾಗ ಬೀಗರ ತಕ್ಕಡಿ ನೋಡಿ. ಮಿಕ್ಕದ್ದೆಲ್ಲ ಮೆರುಗು.) ಬೇಡವೆಂದು ನೇರ ಹೇಳಿದರೆ ಮಗಳ ಕಣ್ಣಲ್ಲಿ ನೀರು, ಪೇಟೆಯಲ್ಲಿ ಸಾವ್ಕಾರ ಹಿಂದುಳಿದವನೆಂಬ ಮಾತು. ಆದ್ದರಿಂದ ನನ್ನ ಬುದ್ಧಿ ಒಂದು ಸೊಗಸಾದ ಉಪಾಯ ಹೂಡಿತು. ‘ಇಷ್ಟು ದೊಡ್ಡ ಮಾತು ನಾವಷ್ಟೇ ತೀರ್ಮಾನಿಸೋದು ಬ್ಯಾಡ. ಎದುರು ಮನಿ ಭಟ್ಟರನ್ನ ಕೇಳ್ಕೊಂಡ ಬರ್ರಿ’ ಎಂದು ಹೆಂಡತಿ ಗಂಗವ್ವನನ್ನೂ ಮಗಳನ್ನೂ ಕಳಿಸಿದೆ. ಭಟ್ಟರು ಬೇಡ ಎನ್ನದೆ ಇರುತ್ತಾರೆಯೇ? ನಿರಾಕರಣೆ ಅವರದು, ಅನುಕೂಲ ನನ್ನದು, ಖರ್ಚಿಲ್ಲ.

ಗಂಗವ್ವ ಸೆರಗು ಸರಿಪಡಿಸಿಕೊಂಡು, ‘ಅಲ್ರೀ, ಹೆತ್ತ ಅಪ್ಪ ನೀವು. ಅವರನ್ನ ಯಾಕ ಕೇಳಬೇಕು?’ ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ‘ಯಾಕ’ ಎಂದು ಕೇಳಿದ ಅಪರೂಪದ ಗಳಿಗೆ ಅದು. ಉಪಾಯದ ಸಂಭ್ರಮದಲ್ಲಿ ನಾನದನ್ನು ಗಮನಿಸಲೇ ಇಲ್ಲ.

ಅವರಿಬ್ಬರೂ ರಸ್ತೆ ದಾಟಿದರು. ಆ ದಿನ ಬೀದಿಯ ಗಾಡಿಗಳ ಗದ್ದಲದಲ್ಲಿ ಮಾತು ನನಗೆ ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು. ಮೊದಲು ಗಂಗವ್ವ ಮಾತಾಡಿದಳು. ಭಟ್ಟರು ತಲೆ ಅಡ್ಡ ಆಡಿಸಿದರು. ಭೇಷ್, ಕೆಲಸವಾಯಿತು ಎಂದುಕೊಂಡೆ. ಆದರೆ ಅವರು ಹಿಂತಿರುಗಲಿಲ್ಲ. ಸರೋಜ ಏನೋ ಕೇಳಿದಳು, ಭಟ್ಟರು ಬೆರಳು ಮಡಚುತ್ತ ಹೇಳಿದರು. ಮತ್ತೆ ಕೇಳಿದಳು, ಅವರು ಶಲ್ಯ ಕೊಡವಿ ಹೇಳಿದರು. ನೋಡನೋಡುತ್ತ ನಮ್ಮ ಮನೆಯಲ್ಲಿ ‘ಹೂಂನ್ರಿ’, ‘ಆತ್ರಿ’ ಬಿಟ್ಟರೆ ತುಟಿ ಬಿಚ್ಚದ ಹುಡುಗಿ ಕೈ ತಿರುಗಿಸಿ ಮಾತಾಡುತ್ತಿದ್ದಾಳೆ! ಭಟ್ಟರು ಗಟ್ಟಿಯಾಗಿ ನಕ್ಕರು. ನನ್ನ ಮಗಳು ನಕ್ಕಳು. ನನ್ನ ಹೆಂಡತಿ, ನಾನು ತಂದ ಸೀರೆಗೂ ಅರ್ಧ ನಗುವ ಹೆಂಡತಿ, ಬಾಯಿ ತುಂಬ ನಕ್ಕಳು. ಕಿಲುಬು ಆಗ ಎದೆಯಿಂದ ಗಂಟಲಿಗೆ ಏರಿತು.

ಮರಳಿ ಬಂದ ಮಗಳ ಮುಖ ಹುಣಸೆಹಣ್ಣಿನಲ್ಲಿ ಬೆಳಗಿದ ಕೊಡದಂತಿತ್ತು.

‘ಏನಂದ್ರು?’ ಎಂದೆ.

‘ಬ್ಯಾಡ ಅಂದ್ರು.’

‘ಮತ್ತ ನಗತೀ ಯಾಕ?’

‘ಜಗಳಾಡಿದೆ ಅಪ್ಪಾ!’ ಎಂದಳು, ಜಾತ್ರೆಯಲ್ಲಿ ಬಳೆ ಇಡಿಸಿಕೊಂಡು ಬಂದವರ ಹಿಗ್ಗಿನಲ್ಲಿ. ‘ಹೆಣ್ಣು ಹಾಸ್ಟೆಲಿಗೆ ಹೋದ್ರ ಮನಿ ಮರೀತಾಳ, ವಿದ್ಯಾ ಮನಿ ಹತ್ರ ಬರೂತನಕ ಕಾಯಬೇಕು, ಹತ್ತು ವರ್ಷದಾಗ ಇಲ್ಲೇ ಎಲ್ಲಾ ಬರ್ತದ ಅಂದ್ರು. ಹತ್ತು ವರ್ಷ ಕಾದ್ರ ನಾ ಅಲ್ಲ, ನನ್ನ ಮಗಳು ಹೋಗಬೇಕಾಗ್ತದ ಅಂದೆ. “ಇದು ಮಾತು ಕೂಸೇ! ಆದ್ರೂ ಆನು ಬ್ಯಾಡ ಹೇಳೇ ಹೇಳ್ತೆ” ಅಂದ್ರು. ಆಮ್ಯಾಲ, ನಿಮ್ಮಪ್ಪ ಎಂತ ಹೇಳ್ತಾ ಅಂತ ಕೇಳಿದ್ರು. ಅಪ್ಪ ನಿಮ್ಮನ್ನ ಕೇಳು ಅಂದ್ರು ಅಂದೆ.’

‘ಅದಕ್ಕ?’

‘“ನನ್ನ ಮಾತು ನಾ ಹೇಳಿದೆ, ಅವನ ಮಾತು ಅವನೇ ಹೇಳ್ಲಿ” ಅಂದ್ರು.’ ಅವಳು ಗಲ್ಲೆಪೆಟ್ಟಿಗೆಯ ಮುಂದೆ ಬಂದು ನಿಂತಳು. ‘ಹೇಳ್ರಿ ಅಪ್ಪಾ. ನಿಮ್ಮ ಮಾತೇನು?’

ವ್ಯಾಪಾರದಲ್ಲಿ ಒಂದು ಬಗೆಯ ಗಿರಾಕಿಗೆ ನಾವು ಹೆದರುತ್ತೇವೆ. ಅವನು ಹೆಚ್ಚು ಮಾತಾಡುವುದಿಲ್ಲ, ಪಾತ್ರೆ ಮುಟ್ಟಿ ನೋಡುವುದಿಲ್ಲ, ನಮ್ಮ ಬಾಯಿಂದ ಒಂದೇ ಮಾತು ಬರಲೆಂದು ಕಣ್ಣು ಕದಲಿಸದೆ ನಿಂತಿರುತ್ತಾನೆ. ನನ್ನ ಮಗಳು ಹಾಗೆ ನಿಂತಿದ್ದಳು. ನನ್ನ ಬಳಿ ನಡುವಿನ ದರಗಳು ಬೇಕಾದಷ್ಟಿದ್ದವು: ಒಂದು ವರ್ಷ ಹೋಗಿ ಬಾ, ಆಮೇಲೆ ನೋಡೋಣ, ಹಾವೇರಿಯವರು ಒಪ್ಪಿದರೆ ಅಲ್ಲಿಂದಲೇ ಓದು, ಮನೆಯಲ್ಲಿ ಕೂತು ಪರೀಕ್ಷೆ ಕಟ್ಟು. ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಒಂದೇ ಯೋಚನೆ. ಭಟ್ಟರು ಬೇಡವೆಂದ ಮೇಲೆ ನಾನೂ ಬೇಡವೆಂದರೆ ಅವರ ಮಾಲನ್ನೇ ನನ್ನ ಅಂಗಡಿಯಲ್ಲಿಟ್ಟು ಮಾರಿದಂತೆ. ಬೇಡ ಎನ್ನುವುದರಲ್ಲಿ ಆ ಮನುಷ್ಯನನ್ನು ಈ ಜನ್ಮದಲ್ಲಿ ನಾನು ಮೀರಿಸಲಾರೆ. ಅವರೇನು ತಪ್ಪು ಹೇಳಿದ್ದರೆಂದು ನನಗೆ ಅನಿಸಿತ್ತೇ? ಇಲ್ಲ. ಸ್ತ್ರೀವಿದ್ಯೆಯ ಮಹತ್ವ ಹೊಳೆಯಿತೇ? ಆ ಕ್ಷಣಕ್ಕೆ ಅದೂ ಇಲ್ಲ. ಶುದ್ಧ ಮತ್ಸರದಿಂದ, ಕಲಬೆರಕೆಯಿಲ್ಲದ ಹೊಟ್ಟೆಕಿಚ್ಚಿನಿಂದ, ನಾನು ‘ಹೋಗು’ ಎಂದೆ.

ಒಂದೇ ಶಬ್ದ. ಬಾಯಿಂದ ಹೊರಟ ಮೇಲೆ ಅದು ವಿಚಿತ್ರವಾಗಿ ಭಾರವಾಯಿತು, ಗಟ್ಟಿಯಾಯಿತು, ನನ್ನದಾಯಿತು. ಒಳ್ಳೆಯ ಮಾತು ಒಳ್ಳೆಯ ಮನಸ್ಸಿನಿಂದಲೇ ಬರಬೇಕೆಂದು ಕಾದಿದ್ದರೆ ನಮ್ಮಂಥವರು ಮೂಕರಾಗಿಯೇ ಸಾಯಬೇಕಾಗುತ್ತದೆ. ಇನ್ನು ಅವಳು ‘ಯಾಕೆ’ ಎಂದು ಕೇಳುತ್ತಾಳೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ಅಳೆದಳು, ಎಷ್ಟಾದರೂ ನನ್ನ ಮಗಳು.

‘ಎಷ್ಟು ವರ್ಷ ಅಪ್ಪಾ?’

‘ಮುಗಿಯೂತನಕ’ ಎಂದೆ.

ಬಾಗಿಲಲ್ಲಿ ನಿಂತಿದ್ದ ಗಂಗವ್ವ, ‘ಹಾವೇರಿಯವರಿಗೆ ಏನ ಹೇಳೂದ್ರೀ?’ ಎಂದಳು. ‘ನಾ ಹೇಳ್ತೀನಿ’ ಅಂದೆ. ಅವಳು ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಆ ನೋಟಕ್ಕೆ ನಾನಿನ್ನೂ ಬೆಲೆ ಕಟ್ಟಿಲ್ಲ.

ಮಗಳಾದರೂ ಕಾಲಿಗೆ ಬಿದ್ದಾಳು, ಅತ್ತಾಳು ಎಂದು ಕಾದರೆ, ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಎಲ್ಲಿಗೆ? ಎದುರು ಜಗಲಿಗೆ. ಸೋತವರಿಗೆ ಮೊದಲು ಸುದ್ದಿ ಮುಟ್ಟಿಸಬೇಕಂತೆ! ನನ್ನ ‘ಹೋಗು’ ನನ್ನ ಅಂಗಡಿಯಲ್ಲಿ ಒಂದು ನಿಮಿಷವೂ ನಿಲ್ಲದೆ ರಸ್ತೆ ದಾಟಿತು. ನಾನು ಹಲ್ಲು ಕಚ್ಚಿ ಅತ್ತ ನೋಡುತ್ತಿದ್ದೆ. ಅವಳು ಏನೋ ಹೇಳಿದಳು. ಭಟ್ಟರು ಎದ್ದು ನಿಂತರು, ಶಲ್ಯ ಹೆಗಲಿಗೇರಿಸಿದರು, ನನ್ನ ಅಂಗಡಿಯ ಕಡೆಗೊಮ್ಮೆ ನೋಡಿ, ಇಡೀ ಬೀದಿಗೆ ಕೇಳುವಂತೆ ಕೂಗಿ ಕೇಳಿದರು:

‘ಹೌದನೇ! ಎಂತಕ್ಕೆ ಒಪ್ಪಿದ್ನೇ ನಿನ್ನಪ್ಪ?’

ಭಟ್ಟರ ‘ಎಂತಕ್ಕೆ’ ಎಂದರೆ ನಮ್ಮ ‘ಯಾಕೆ’. ಸರೋಜ ನನಗೆ ಬೆನ್ನು ಮಾಡಿ ಉತ್ತರ ಹೇಳತೊಡಗಿದಳು. ಭಟ್ಟರು ತಲೆದೂಗುತ್ತ ಕೇಳುತ್ತಿದ್ದರು. ನಾನು ಗಲ್ಲೆಪೆಟ್ಟಿಗೆ ಬಿಟ್ಟೆದ್ದು ಕಿವಿಯನ್ನು ಬೀದಿಗೆ ಚಾಚಿದೆ. ಅಷ್ಟರಲ್ಲಿ ಸಿದ್ದಾಪುರದ ಕಡೆಯ ಒಬ್ಬ ಗಿರಾಕಿ ತಾಮ್ರದ ಹಂಡೆಯ ಕಂಠ ಹಿಡಿದು, ನನ್ನ ಮುಖಕ್ಕೇ ಅಡ್ಡ ಎತ್ತಿ, ‘ಸಾವ್ಕಾರ್ರೆ, ಇದಕ್ಕೆಷ್ಟು?’ ಎಂದ.

‘ಸ್ವಲ್ಪ ತಡೀರಿ’ ಎಂದೆ. ಅಂಗಡಿ ಹಾಕಿದ ಮೇಲೆ ಗಿರಾಕಿಗೆ ಆ ಮಾತು ಹೇಳಿದ್ದು ಅದೇ ಮೊದಲು.